ಪಾಲಾರ್ ದಂಡೆಯಲ್ಲಿ ಜಾರಿಯಾದ ಕಾನೂನು

ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಹೊಳೆಗಳಲ್ಲಿ ಪಾಲಾರ್ ಕೂಡ ಒಂದು. ಕೋಲಾರ ಸೀಮೆಯಲ್ಲಿ ಅದನ್ನು ಹೊಳೆ ಎನ್ನುವುದಕ್ಕಿಂತ ಕೆರೆಗಳ ಸಾಲು ಎನ್ನುವುದೇ ಸರಿ. ಒಂದು ಕೆರೆ ಕೋಡಿ ಬಿದ್ದು ಇನ್ನೊಂದಕ್ಕೆ, ಅದು ತುಂಬಿ ಮತ್ತೊಂದಕ್ಕೆ ನೀರು ಇಳಿಯುತ್ತ, ಬೇತಮಂಗಲವನ್ನು ದಾಟಿ, ಆಂಧ್ರದ ಕುಪ್ಪಂ ಸೀಮೆಯನ್ನು ಹಾದು ತಮಿಳುನಾಡನ್ನು ಸೇರುತ್ತದೆ. ಒಟ್ಟು 348 ಕಿಲೋಮೀಟರ್ ಉದ್ದದ ಈ ಹೊಳೆ ಕರ್ನಾಟಕದಲ್ಲಿ ಹರಿಯುವುದು 93 ಕಿಲೋಮೀಟರ್, ಆಂಧ್ರದಲ್ಲಿ 33, ಉಳಿದ 222 ಕಿಲೋಮೀಟರ್ ತಮಿಳುನಾಡಿನಲ್ಲಿ. 1892ರಲ್ಲಿ ಮೈಸೂರು ಮತ್ತು ಮದ್ರಾಸ್ ಸರ್ಕಾರಗಳ ನಡುವೆ ಆದ ನದಿ ಒಪ್ಪಂದದಲ್ಲಿ ಕಾವೇರಿಯ ಜೊತೆಗೆ ಪಾಲಾರಿನ ಹೆಸರೂ ಇತ್ತು. ಕಾವೇರಿಯ ಜಗಳ ಎಲ್ಲರಿಗೂ ಗೊತ್ತು. ಪಾಲಾರಿನ ಕಥೆ ಗೊತ್ತಿರುವುದು ಕಡಿಮೆ ಜನರಿಗೆ.

ಪಾಲ್ ಎಂದರೆ ತಮಿಳಿನಲ್ಲಿ ಹಾಲು, ಆರು ಎಂದರೆ ಹೊಳೆ. ಸಂಸ್ಕೃತ ಬಲ್ಲವರು ಇದನ್ನೇ ಕ್ಷೀರನದಿ ಎಂದರು. ಈ ಹಾಲಿನ ಹೊಳೆಯ ದಂಡೆಯ ಮೇಲೆ ವಾಣಿಯಂಬಾಡಿ, ಆಂಬೂರು, ಮೇಲ್ವಿಷಾರಂ, ರಾಣಿಪೇಟೆಗಳಿವೆ. ಬೆಂಗಳೂರು ಮತ್ತು ಕೋಲಾರದ ಮುಸ್ಲಿಂ ಕುಟುಂಬಗಳಿಗೆ ಇವು ದೂರದ ಊರುಗಳಲ್ಲ. ಹೆಣ್ಣು ಕೊಟ್ಟು ತಂದ ಊರುಗಳು ಇವು, ವ್ಯಾಪಾರದ ಊರುಗಳು, ನಮ್ಮ ದಖ್ಖನಿ ಉರ್ದುವನ್ನು ಸ್ವಲ್ಪ ತಮಿಳಿನ ರಾಗದಲ್ಲಿ ಆಡುವ ಊರುಗಳು. ಆಂಬೂರಿನ ಬಿರಿಯಾನಿ ಬೆಂಗಳೂರಿನ ಬೀದಿಬೀದಿಗೂ ಬಂದಿದೆ. ಆಂಬೂರಿನ ನೀರು ಏನಾಯಿತು ಎಂದು ಕೇಳಿದವರು ಮಾತ್ರ ವಿರಳ.

ಈ ಲೇಖನ ಆ ನೀರಿನ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಆ ನೀರನ್ನು ಕಾಯಬೇಕೆಂದು ಕಾನೂನು ಮಾಡಿದ ಮೇಲೆ ಆ ಕಾನೂನನ್ನು ಕೈಯಲ್ಲಿ ಹಿಡಿದ ಸ್ಥಳೀಯ ಅಧಿಕಾರಿಗಳು ಹೇಗೆ ನಡೆದುಕೊಂಡರು ಎಂಬುದರ ಬಗ್ಗೆ. ನಮ್ಮ ಕಚೇರಿಯ ಕನ್ನಡದಲ್ಲಿ ಅರ್ಧದಷ್ಟು ಮಾತು ಅರಬಿ-ಫಾರಸಿಯಿಂದ ಬಂದದ್ದು: ಅರ್ಜಿ, ಹುಕುಂ, ತಹಶೀಲ್ದಾರ, ಶಿರಸ್ತೇದಾರ, ಅಮಲ್ದಾರ, ಜಾರಿ. ಅರಬಿಯಲ್ಲಿ ಜಾರಿ ಎಂದರೆ ಹರಿಯುತ್ತಿರುವುದು ಎಂದರ್ಥ. ಉರ್ದುವಿಗೆ ಬಂದಾಗ ಅದು ನಡೆಯುತ್ತಿರುವುದು, ಚಾಲ್ತಿಯಲ್ಲಿರುವುದು ಎಂದಾಯಿತು. ಕನ್ನಡದಲ್ಲಿ ಕಾನೂನು ಜಾರಿಗೆ ಬರುತ್ತದೆ. ಆದರೆ ಕನ್ನಡದ ಕಿವಿಗೆ ಜಾರುವುದೆಂದರೆ ಕೈತಪ್ಪಿ ಹೋಗುವುದೂ ಹೌದು. ಪಾಲಾರ್ ದಂಡೆಯಲ್ಲಿ ಈ ಎಲ್ಲ ಅರ್ಥಗಳೂ ಒಟ್ಟಿಗೆ ಸಿಗುತ್ತವೆ.

ತಂಗಡಿ ತೊಗಟೆಯಿಂದ ಕ್ರೋಮಿಯಂವರೆಗೆ

ತೊಗಲು ಹದ ಮಾಡುವ ಕಸುಬು ಈ ಭಾಗಕ್ಕೆ ಹಳೆಯದು. ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆಯಲ್ಲಿ ಚರ್ಮವನ್ನು ವಾರಗಟ್ಟಲೆ ನೆನೆಹಾಕಿ ಹದ ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಹೀಗೆ ಅರ್ಧ ಹದವಾದ ಚರ್ಮ ಮದ್ರಾಸ್ ಬಂದರಿನ ಮೂಲಕ ಇಂಗ್ಲೆಂಡಿಗೆ ಹೋಗತೊಡಗಿತು. ಹಸಿ ಚರ್ಮ ಕೊಂಡು, ಹದ ಮಾಡಿಸಿ, ಮದ್ರಾಸಿನ ಪೆರಿಯಮೇಡುವಿನ ಮಂಡಿಗಳಿಗೆ ಸಾಗಿಸುವ ವ್ಯಾಪಾರದಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದರು. ಗುಂಡಿಗಿಳಿದು ಚರ್ಮ ತುಳಿಯುವ, ರೋಮ ಹೆರೆಯುವ ಕೆಲಸ ಬಹುಪಾಲು ದಲಿತರದಾಗಿತ್ತು. ಈ ವ್ಯಾಪಾರದ ಹಣ ಮಸೀದಿಗಳನ್ನು ಕಟ್ಟಿತು, ಶಾಲೆ ಕಾಲೇಜುಗಳನ್ನೂ ಕಟ್ಟಿತು. 1919ರಲ್ಲಿ ಆರಂಭವಾದ ವಾಣಿಯಂಬಾಡಿಯ ಇಸ್ಲಾಮಿಯಾ ಕಾಲೇಜು ಅದಕ್ಕೊಂದು ಸಾಕ್ಷಿ.

ಕ್ರೋಮಿಯಂ ಲವಣದಿಂದ ಬೇಗನೆ ಚರ್ಮ ಹದ ಮಾಡುವ ವಿಧಾನವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದ್ರಾಸಿನಲ್ಲಿ ಬಳಕೆಗೆ ತಂದವರಲ್ಲಿ ಆಲ್ಫ್ರೆಡ್ ಚಾಟರ್ಟನ್ ಪ್ರಮುಖರು. ಇದೇ ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಆದರೂ ಪಾಲಾರ್ ದಂಡೆಯಲ್ಲಿ ಬಹುಕಾಲ ತೊಗಟೆಯ ಹದವೇ ನಡೆಯಿತು. ದೊಡ್ಡ ಬದಲಾವಣೆ ಬಂದದ್ದು 1970ರ ದಶಕದಲ್ಲಿ. ಅರ್ಧ ಹದವಾದ ಚರ್ಮ ಕಳಿಸಿದರೆ ಲಾಭವೆಲ್ಲ ವಿದೇಶಿಯರ ಪಾಲಾಗುತ್ತದೆ, ಪೂರ್ತಿ ಹದವಾದ ಚರ್ಮವನ್ನೂ ಪಾದರಕ್ಷೆಗಳನ್ನೂ ನಾವೇ ತಯಾರಿಸಿ ಕಳಿಸಬೇಕು ಎಂದು ಕೇಂದ್ರ ಸರ್ಕಾರ ನೇಮಿಸಿದ ಸೀತಾರಾಮಯ್ಯ ಸಮಿತಿ ಶಿಫಾರಸು ಮಾಡಿತು. ಅದರಂತೆ ಕಚ್ಚಾ ಮತ್ತು ಅರೆಹದದ ಚರ್ಮದ ರಫ್ತಿನ ಮೇಲೆ ನಿರ್ಬಂಧ ಬಂತು. ಮಾಲೀಕರು ಕ್ರೋಮಿಯಂಗೆ, ಯಂತ್ರಗಳಿಗೆ ತಿರುಗಿದರು. ವಿದೇಶಿ ವಿನಿಮಯ ಹರಿದು ಬಂತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹೊಳೆಗೆ ವಿಷವಿಕ್ಕಿದ ಬದಲಾವಣೆ ಯಾರೋ ನಾಲ್ವರು ಮಾಲೀಕರ ದುರಾಸೆಯಿಂದ ಮಾತ್ರ ಆದದ್ದಲ್ಲ. ಅದಕ್ಕೆ ದೆಹಲಿಯ ನೀತಿಯ ಬಲವಿತ್ತು. ರಫ್ತು ಹೆಚ್ಚಿಸಿ ಎಂದ ಸರ್ಕಾರವೇ ಮುಂದೆ ಹೊಳೆ ಉಳಿಸಿ ಎಂದೂ ಹೇಳಿತು. ಎರಡು ಆಜ್ಞೆಗಳೂ ಒಂದೇ ಜಿಲ್ಲೆಯ ಕಚೇರಿಗೆ ಬಂದವು. ಯಾವ ಆಜ್ಞೆಗೆ ತೂಕ ಹೆಚ್ಚು ಎಂಬುದನ್ನು ಅಧಿಕಾರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನೋಟಿಸಿನ ಕಾಲ

ಮದ್ರಾಸ್ ಪ್ರಾಂತ್ಯದ ಹಳೆಯ ಪುರಸಭಾ ಕಾನೂನಿನಲ್ಲಿ ಅಪಾಯಕಾರಿ ಮತ್ತು ಅಸಹ್ಯಕರ ಕಸುಬುಗಳಿಗೆ ಪ್ರತ್ಯೇಕ ಲೈಸೆನ್ಸ್ ಪಡೆಯಬೇಕೆಂಬ ನಿಯಮವಿತ್ತು. ಚರ್ಮ ಹದ ಮಾಡುವುದೂ ಅಂಥ ಕಸುಬು. ಪುರಸಭೆಯ ಕಣ್ಣಿಗೆ ಅದು ವಾಸನೆಯ ಪ್ರಶ್ನೆ, ಜೊತೆಗೆ ಶುಲ್ಕದ ಪ್ರಶ್ನೆ. ಕಾರ್ಖಾನೆ ಊರ ಹೊರಗಿದೆಯೇ, ಶುಲ್ಕ ಕಟ್ಟಿದೆಯೇ, ಅಷ್ಟು ಸಾಕು. ಹೊರಬಿದ್ದ ನೀರು ಎಲ್ಲಿಗೆ ಹೋಯಿತು ಎಂಬುದು ಯಾವ ರಿಜಿಸ್ಟರಿನ ಯಾವ ಕಾಲಮಿನಲ್ಲೂ ಬರುತ್ತಿರಲಿಲ್ಲ.

1974ರಲ್ಲಿ ಜಲ ಮಾಲಿನ್ಯ ತಡೆ ಕಾಯ್ದೆ ಬಂತು. ಕರ್ನಾಟಕ ಅದೇ ವರ್ಷ ತನ್ನ ಮಂಡಳಿಯನ್ನು ರಚಿಸಿತು. ತಮಿಳುನಾಡಿನ ಮಾಲಿನ್ಯ ನಿಯಂತ್ರಣ ಮಂಡಳಿ ಅಸ್ತಿತ್ವಕ್ಕೆ ಬಂದದ್ದು 1982ರಲ್ಲಿ. ಅಷ್ಟರಲ್ಲಿ ಪಾಲಾರ್ ದಂಡೆಯ ಬಾವಿಗಳು ಉಪ್ಪಾಗತೊಡಗಿದ್ದವು.

ಮಂಡಳಿಯ ಎಂಜಿನಿಯರಿನ ಕೈಗೆ ಕಾನೂನು ಕೊಟ್ಟ ಹತ್ಯಾರವಾದರೂ ಯಾವುದು? ಕಾಯ್ದೆಯ ಮೂಲ ರೂಪದಲ್ಲಿ ಮಂಡಳಿಗೆ ಕಾರ್ಖಾನೆಯನ್ನು ತಾನೇ ಮುಚ್ಚಿಸುವ ಅಧಿಕಾರವಿರಲಿಲ್ಲ. ನ್ಯಾಯಾಲಯಕ್ಕೆ ಹೋಗಬೇಕಿತ್ತು. ಮುಚ್ಚಿಸುವ, ವಿದ್ಯುತ್ತನ್ನೂ ನೀರನ್ನೂ ಕಡಿಯಿಸುವ ಅಧಿಕಾರ ಬಂದದ್ದು 1988ರ ತಿದ್ದುಪಡಿಯಿಂದ. ನ್ಯಾಯಾಲಯಕ್ಕೆ ಹೋಗಬೇಕೆಂದರೆ ಹೊರಬಿಡುವ ನೀರಿನ ಮಾದರಿ ಬೇಕು. ಮಾದರಿ ತೆಗೆಯುವುದಕ್ಕೂ ಕಾಯ್ದೆಯಲ್ಲಿ ಕ್ರಮವಿದೆ. ಮೊದಲು ಮಾಲೀಕನಿಗೆ ತಿಳುವಳಿಕೆ ಪತ್ರ ಕೊಡಬೇಕು. ಅವನ ಎದುರಿನಲ್ಲೇ ನೀರನ್ನು ಎರಡು ಭಾಗ ಮಾಡಿ ಸೀಲು ಹಾಕಬೇಕು. ಇಬ್ಬರೂ ಸಹಿ ಮಾಡಬೇಕು. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ವಿಶ್ಲೇಷಣೆಯ ವರದಿಯನ್ನು ನ್ಯಾಯಾಲಯ ಸಾಕ್ಷ್ಯವಾಗಿ ಒಪ್ಪುವುದಿಲ್ಲ. ನಿರಪರಾಧಿಗೆ ಅನ್ಯಾಯವಾಗದಿರಲೆಂದು ಮಾಡಿದ ನಿಯಮ ಇದು, ತಪ್ಪೇನಿಲ್ಲ. ಆದರೆ ಕೈಕೆಳಗೆ ಬೆರಳೆಣಿಕೆಯ ಸಿಬ್ಬಂದಿ, ಎದುರಿಗೆ ನೂರಾರು ಟ್ಯಾನರಿಗಳು ಇದ್ದಾಗ ಅಧಿಕಾರಿ ಏನು ಮಾಡುತ್ತಾನೆ? ನೋಟಿಸು ಕೊಡುತ್ತಾನೆ.

ನೋಟಿಸು ಎಲ್ಲರಿಗೂ ಅನುಕೂಲದ ಕಾಗದ. ಕೊಟ್ಟವನು ಕರ್ತವ್ಯ ಮಾಡಿದಂತಾಯಿತು. ಪಡೆದವನು ಉತ್ತರ ಬರೆದು, ಶುದ್ಧೀಕರಣ ಘಟಕ ಕಟ್ಟುವುದಕ್ಕೆ ಆರು ತಿಂಗಳು ಕಾಲಾವಕಾಶ ಕೇಳಿದರೆ ಕಾನೂನನ್ನು ಗೌರವಿಸಿದಂತಾಯಿತು. ಮೇಲಧಿಕಾರಿ ಕಡತ ನೋಡಿದರೆ ಪತ್ರ ವ್ಯವಹಾರ ನಡೆದಿರುತ್ತದೆ. ಹೊಳೆಗೆ ಮಾತ್ರ ಏನೂ ಆಗಿರುವುದಿಲ್ಲ.

ಪಾಲಾರಿನ ವಿಷಯದಲ್ಲಿ ಇನ್ನೊಂದು ಕಷ್ಟವಿತ್ತು. ಇದು ವರ್ಷವಿಡೀ ಹರಿಯುವ ಹೊಳೆಯಲ್ಲ. ಬಹುಪಾಲು ದಿನ ಮೇಲೆ ಕಾಣುವುದು ಅಗಲವಾದ ಮರಳು ಮಾತ್ರ. ನೀರು ಇರುವುದು ಮರಳಿನ ಅಡಿಯಲ್ಲಿ. ಮರಳಿನ ಮೇಲೆ ಚೆಲ್ಲಿದ ಕೊಳಕು ನೀರು ಒಣಗಿ ಮಾಯವಾದಂತೆ ಕಾಣುತ್ತದೆ. ಅದು ಮೇಲೆದ್ದು ಬರುವುದು ಎಷ್ಟೋ ದೂರದ ರೈತನ ಬಾವಿಯಲ್ಲಿ, ಎಷ್ಟೋ ದಿನಗಳ ನಂತರ. ಆ ಬಾವಿಯ ಉಪ್ಪು ಯಾವ ಕಾರ್ಖಾನೆಯದು ಎಂದು ಬೆರಳು ಮಾಡಿ ತೋರಿಸುವುದು ಯಾವ ಎಂಜಿನಿಯರಿಗೂ ಸುಲಭವಲ್ಲ. ಎಲ್ಲರೂ ಸೇರಿ ಮಾಡಿದ ತಪ್ಪಿನಲ್ಲಿ ಒಬ್ಬೊಬ್ಬನೂ ನಿರಪರಾಧಿಯೇ.

1989ರ ಮಾರ್ಚ್ 30ರಂದು ತಮಿಳುನಾಡು ಸರ್ಕಾರ 213ನೆಯ ಸಂಖ್ಯೆಯ ಆದೇಶ ಹೊರಡಿಸಿ, ಹೊಳೆ ಕೆರೆಗಳಿಂದ ಒಂದು ಕಿಲೋಮೀಟರ್ ಒಳಗೆ ಹೆಚ್ಚು ಮಾಲಿನ್ಯದ ಹೊಸ ಕೈಗಾರಿಕೆಗಳು ತಲೆಯೆತ್ತಬಾರದು ಎಂದಿತು. ಒಳ್ಳೆಯ ಆದೇಶವೇ. ಆದರೆ ಆಗಲೇ ಇದ್ದ ನೂರಾರು ಟ್ಯಾನರಿಗಳ ಗತಿಯೇನು? ಹೊಸಬರನ್ನು ಬಾಗಿಲಲ್ಲಿ ತಡೆಯುವುದು ಅಧಿಕಾರಿಗಳಿಗೆ ಸುಲಭ; ಒಳಗೆ ಕುಳಿತವರನ್ನು ಎಬ್ಬಿಸುವುದು ಕಷ್ಟ. ಜಗತ್ತಿನ ಯಾವ ಕಚೇರಿಯಲ್ಲಾದರೂ ಇದೇ ನೀತಿ.

1996

1991ರಲ್ಲಿ ವೆಲ್ಲೂರಿನ ನಾಗರಿಕರ ಕ್ಷೇಮ ವೇದಿಕೆಯೊಂದು ಸುಪ್ರೀಂ ಕೋರ್ಟಿನ ಮೊರೆಹೋಯಿತು. ಐದು ವರ್ಷಗಳ ನಂತರ, 1996ರ ಆಗಸ್ಟ್ 28ರಂದು, ನ್ಯಾಯಮೂರ್ತಿ ಕುಲದೀಪ್ ಸಿಂಗ್ ನೇತೃತ್ವದ ಪೀಠ ತೀರ್ಪು ಕೊಟ್ಟಿತು. ಭಾರತದ ಪರಿಸರ ಕಾನೂನನ್ನು ಓದುವ ಪ್ರತಿ ವಿದ್ಯಾರ್ಥಿಯೂ ಇಂದು ಈ ತೀರ್ಪನ್ನು ಓದುತ್ತಾನೆ. ಮಾಲಿನ್ಯ ಮಾಡಿದವನೇ ಅದರ ಬೆಲೆ ತೆರಬೇಕು; ಹಾನಿ ನೂರಕ್ಕೆ ನೂರು ಸಾಬೀತಾಗುವವರೆಗೆ ಕಾಯದೆ ಮೊದಲೇ ಎಚ್ಚರ ವಹಿಸಬೇಕು ಎಂಬ ಎರಡು ತತ್ವಗಳು ಈ ನೆಲದ ಕಾನೂನಿನ ಭಾಗ ಎಂದು ಅದು ಸ್ಪಷ್ಟವಾಗಿ ಹೇಳಿತು.

ತೀರ್ಪಿನಲ್ಲಿ ದಾಖಲಾದ ಅಂಕಿಗಳನ್ನು ಓದಿದರೆ ಎದೆ ಭಾರವಾಗುತ್ತದೆ. ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದ ಸಮೀಕ್ಷೆಯ ಪ್ರಕಾರ ಟ್ಯಾನರಿ ಪ್ರದೇಶದ ಸುಮಾರು 35,000 ಹೆಕ್ಟೇರ್ ಕೃಷಿಭೂಮಿ ಭಾಗಶಃ ಅಥವಾ ಪೂರ್ತಿಯಾಗಿ ಬೇಸಾಯಕ್ಕೆ ಬಾರದಂತಾಗಿತ್ತು. ಒಂದು ಕಿಲೋ ಚರ್ಮ ಸಿದ್ಧವಾಗಲು ಸುಮಾರು 35 ಲೀಟರ್ ನೀರು ಬೇಕು. ಬಳಸುವ ರಾಸಾಯನಿಕಗಳ ಬಗೆ ಸುಮಾರು 170. ದಿಂಡಿಗಲ್ ಕಡೆಯ 13 ಹಳ್ಳಿಗಳಲ್ಲಿ ನೋಡಿದ 467 ಬಾವಿಗಳಲ್ಲಿ 350 ಕೆಟ್ಟುಹೋಗಿದ್ದವು.

ಅಧಿಕಾರಿಗಳ ನಡವಳಿಕೆಯ ದೃಷ್ಟಿಯಿಂದ ಆ ತೀರ್ಪಿನಲ್ಲಿ ನಮಗೆ ಮುಖ್ಯವಾಗಿ ಕಾಣುವ ಸಂಗತಿ ಬೇರೆ. ಮಂಡಳಿಯೂ ರಾಜ್ಯ ಸರ್ಕಾರವೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಟ್ಯಾನರಿ ಮಾಲೀಕರ ಮನವೊಲಿಸುತ್ತ ಬಂದಿದ್ದವು ಎಂಬುದನ್ನು ನ್ಯಾಯಾಲಯ ದಾಖಲಿಸಿತು. ಸಾಮೂಹಿಕ ಶುದ್ಧೀಕರಣ ಘಟಕಗಳಿಗೆ ಸಹಾಯಧನದ ಆಸೆಯನ್ನೂ ತೋರಿಸಲಾಗಿತ್ತು. ಮತ್ತೆ ಮತ್ತೆ ಗಡುವು ವಿಸ್ತರಿಸಲಾಗಿತ್ತು. ಹಾಗೆ ವಿಸ್ತರಿಸಿದವರಲ್ಲಿ ಮಂಡಳಿಯೂ ಇತ್ತು, ಸ್ವತಃ ನ್ಯಾಯಾಲಯವೂ ಇತ್ತು. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ರಚಿಸಬೇಕಿದ್ದ ಪ್ರಾಧಿಕಾರವನ್ನು ಕೇಂದ್ರ ಸರ್ಕಾರ ಹತ್ತು ವರ್ಷವಾದರೂ ರಚಿಸಿರಲಿಲ್ಲ ಎಂಬ ಬೇಸರವನ್ನೂ ತೀರ್ಪು ವ್ಯಕ್ತಪಡಿಸಿತು. ಕೆಳಗಿನ ಅಧಿಕಾರಿ ಸೋಮಾರಿ ಎನ್ನುವ ಮುನ್ನ ಮೇಲಿನವರ ಸೋಮಾರಿತನವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆ ದಿನ ನ್ಯಾಯಾಲಯ ಐದು ಜಿಲ್ಲೆಗಳ ಪ್ರತಿ ಟ್ಯಾನರಿಗೂ 10,000 ರೂಪಾಯಿ ದಂಡ ಹಾಕಿ, ಅದನ್ನು ಜಿಲ್ಲಾಧಿಕಾರಿಯ ಕಚೇರಿಯಲ್ಲಿ ಕಟ್ಟುವಂತೆ ಹೇಳಿತು. ನವೆಂಬರ್ 30ರ ಒಳಗೆ ಶುದ್ಧೀಕರಣ ವ್ಯವಸ್ಥೆ ಮಾಡಿಕೊಂಡು ಮಂಡಳಿಯ ಒಪ್ಪಿಗೆ ಪಡೆಯದ ಟ್ಯಾನರಿಗಳನ್ನು ಮುಚ್ಚಿಸುವ ಹೊಣೆಯನ್ನು ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿಗೆ ವಹಿಸಿತು. ಪರಿಸರ ಮಂಡಳಿ ಎಂಬ ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಿದ್ದರೂ ಕಷ್ಟದ ಕೆಲಸ ಬಂದಾಗ ನ್ಯಾಯಾಲಯವೂ ಹುಡುಕಿದ್ದು ಬ್ರಿಟಿಷರ ಕಾಲದ ಕಲೆಕ್ಟರನನ್ನೇ! ಬಾಕಿ ಉಳಿದ ಪರಿಹಾರದ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕೆಂಬ ಮಾತೂ ತೀರ್ಪಿನಲ್ಲಿತ್ತು. ವಸೂಲಿ ಎಂದರೆ ಏನೆಂದು ಗೊತ್ತಿದ್ದ ಇಲಾಖೆ ಕಂದಾಯ ಇಲಾಖೆಯೊಂದೇ.

ಎಣಿಸಲು ಬರುವುದು, ಬಾರದಿರುವುದು

ಗಡುವಿನ ಭಯ ಕೆಲಸ ಮಾಡಿತು. ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳಲ್ಲಿ ಟ್ಯಾನರಿಗಳು ಗುಂಪು ಗುಂಪಾಗಿ ಸೇರಿ ಕಟ್ಟಿಕೊಂಡ ಸಾಮೂಹಿಕ ಶುದ್ಧೀಕರಣ ಘಟಕಗಳು ಕೆಲಸ ಆರಂಭಿಸಿದವು. ಘಟಕಕ್ಕೆ ಸೇರಿಕೊಂಡವನಿಗೆ ಒಪ್ಪಿಗೆ ಪತ್ರ ಸಿಕ್ಕಿತು, ಸೇರದವನ ಬಾಗಿಲು ಮುಚ್ಚಿತು. ಅಧಿಕಾರಿಗಳ ವರದಿಗೆ ಈಗ ಒಳ್ಳೆಯ ಅಂಕಿಗಳು ಸಿಗತೊಡಗಿದವು: ಇಷ್ಟು ಘಟಕ ಪೂರ್ಣ, ಇಷ್ಟು ಟ್ಯಾನರಿ ಸದಸ್ಯ, ಇಷ್ಟು ಮುಚ್ಚಲಾಗಿದೆ.

ಹಾಗಾದರೆ ಬಾವಿಗಳು ಸಿಹಿಯಾದವೇ? ಇಲ್ಲ. ಕಾರಣ ತಾಂತ್ರಿಕವಾದದ್ದು, ಆದರೆ ತಿಳಿಯಲು ಕಷ್ಟವೇನಿಲ್ಲ. ಪ್ರಾಣಿಯಿಂದ ಸುಲಿದ ಹಸಿ ಚರ್ಮ ಕೊಳೆಯದಿರಲೆಂದು ಅದಕ್ಕೆ ಧಾರಾಳವಾಗಿ ಉಪ್ಪು ಸವರುತ್ತಾರೆ. ಟ್ಯಾನರಿಗೆ ಬಂದ ಚರ್ಮವನ್ನು ಮೊದಲು ನೀರಿನಲ್ಲಿ ನೆನೆಹಾಕಿದಾಗ ಆ ಉಪ್ಪೆಲ್ಲ ನೀರಿಗಿಳಿಯುತ್ತದೆ. ಸಾಮಾನ್ಯ ಶುದ್ಧೀಕರಣ ಘಟಕ ನೀರಿನ ಕೊಳೆಯನ್ನು ತಗ್ಗಿಸುತ್ತದೆ, ವಾಸನೆಯನ್ನು ಇಳಿಸುತ್ತದೆ, ಕ್ರೋಮಿಯಂ ಅನ್ನೂ ಬಹುಮಟ್ಟಿಗೆ ಗಸಿಯಾಗಿ ಕೆಳಗಿಳಿಸುತ್ತದೆ. ಕರಗಿದ ಉಪ್ಪನ್ನು ಮಾತ್ರ ಅದು ಮುಟ್ಟುವುದಿಲ್ಲ. ಹೊರಬಿಡುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 2,100 ಮಿಲಿಗ್ರಾಂ ಮೀರಬಾರದೆಂಬ ಮಿತಿ ಕಾಗದದ ಮೇಲಿತ್ತು. ಆ ಮಿತಿಯನ್ನು ಮುಟ್ಟುವ ಸಾಮರ್ಥ್ಯ ಯಂತ್ರಕ್ಕೇ ಇರಲಿಲ್ಲ. ಹಾಗಿದ್ದೂ ಘಟಕಗಳು ನಡೆದವು, ಒಪ್ಪಿಗೆಗಳು ನವೀಕರಣಗೊಂಡವು. ನೀರನ್ನು ಹೊರಗೇ ಬಿಡದೆ, ಉಪ್ಪನ್ನು ಬೇರ್ಪಡಿಸಿ, ನೀರನ್ನು ಮರಳಿ ಬಳಸುವ ದುಬಾರಿ ವ್ಯವಸ್ಥೆಯತ್ತ ಈ ಊರುಗಳು ತಿರುಗಿದ್ದು ತೀರ್ಪು ಬಂದು ಹತ್ತು ವರ್ಷ ದಾಟಿದ ಮೇಲೆ. ಬೇರ್ಪಡಿಸಿದ ಉಪ್ಪನ್ನು ಎಲ್ಲಿಡಬೇಕು ಎಂಬ ಪ್ರಶ್ನೆ ಆಗ ಹೊಸದಾಗಿ ಹುಟ್ಟಿತು.

ಸ್ಥಳೀಯ ಅಧಿಕಾರಿಗಳ ನಡವಳಿಕೆಯ ಒಳಗುಟ್ಟು ಇಲ್ಲಿದೆ ಎಂದು ನಮಗೆ ತೋರುತ್ತದೆ. ಅವರು ಎಣಿಸಲು ಬರುವುದನ್ನು ಮಾಡುತ್ತಾರೆ. ಘಟಕವನ್ನು ಎಣಿಸಬಹುದು, ಫೋಟೊ ತೆಗೆಯಬಹುದು, ಮಂತ್ರಿಗಳಿಂದ ಉದ್ಘಾಟನೆ ಮಾಡಿಸಬಹುದು. ಬಾವಿಯ ರುಚಿಯನ್ನು ಯಾವ ಪ್ರಗತಿ ಪರಿಶೀಲನಾ ಸಭೆಯಲ್ಲಿ ಮಂಡಿಸುವುದು? ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಅಧಿಕಾರಿಗೆ ಮೂವತ್ತು ವರ್ಷ ಹಿಡಿಯುವ ಅಂತರ್ಜಲದ ಚೇತರಿಕೆ ಎಂದೂ ಸಾಧನೆಯಾಗಿ ಒದಗುವುದಿಲ್ಲ.

ಎಣಿಕೆಯ ಇನ್ನೊಂದು ಮುಖ ರಾಣಿಪೇಟೆಯಲ್ಲಿದೆ. ಅಲ್ಲಿ ತಮಿಳುನಾಡು ಕ್ರೋಮೇಟ್ಸ್ ಅಂಡ್ ಕೆಮಿಕಲ್ಸ್ ಎಂಬ ಕಾರ್ಖಾನೆ ಟ್ಯಾನರಿಗಳಿಗೆ ಬೇಕಾದ ಕ್ರೋಮಿಯಂ ರಾಸಾಯನಿಕಗಳನ್ನು ತಯಾರಿಸುತ್ತಿತ್ತು. 1990ರ ದಶಕದ ಮಧ್ಯದಲ್ಲಿ ಅದು ಬಾಗಿಲು ಹಾಕಿತು. ಹಿಂದೆ ಉಳಿದದ್ದು ಬಯಲಿನಲ್ಲಿ ಸುರಿದ ಒಂದು ಲಕ್ಷ ಟನ್ನಿಗೂ ಹೆಚ್ಚು ಕ್ರೋಮಿಯಂ ತ್ಯಾಜ್ಯ. ಮುಚ್ಚಿದ ಕಾರ್ಖಾನೆ ಅಧಿಕಾರಿಗಳ ಪಟ್ಟಿಯಲ್ಲಿ ಸಮಸ್ಯೆ ಅಲ್ಲ. ಅದು ಮುಗಿದ ಕಡತ. ಮಳೆ ಬಂದಾಗಲೆಲ್ಲ ಆ ಗುಡ್ಡೆಯಿಂದ ಹಳದಿ ನೀರು ಇಳಿಯುತ್ತಲೇ ಇತ್ತು. 2006ರಲ್ಲಿ ಅಮೆರಿಕದ ಬ್ಲ್ಯಾಕ್‌ಸ್ಮಿತ್ ಸಂಸ್ಥೆ ಜಗತ್ತಿನ ಅತ್ಯಂತ ಕಲುಷಿತ ಸ್ಥಳಗಳ ಪಟ್ಟಿ ಮಾಡಿದಾಗ ರಾಣಿಪೇಟೆ ಅದರಲ್ಲಿತ್ತು.

2015ರ ಜನವರಿ 31ರ ನಸುಕಿನಲ್ಲಿ ಅದೇ ರಾಣಿಪೇಟೆಯ ಕೈಗಾರಿಕಾ ವಲಯದಲ್ಲಿ ಶುದ್ಧೀಕರಣ ಘಟಕದ ಗಸಿಯ ತೊಟ್ಟಿಯ ಗೋಡೆ ಒಡೆಯಿತು. ಪಕ್ಕದ ಟ್ಯಾನರಿಯಲ್ಲಿ ಮಲಗಿದ್ದ ಹತ್ತು ಕಾರ್ಮಿಕರು ಆ ಗಸಿಯಲ್ಲಿ ಮುಳುಗಿ ಸತ್ತರು. ಹೆಚ್ಚಿನವರು ದುಡಿಮೆ ಹುಡುಕಿಕೊಂಡು ಪಶ್ಚಿಮ ಬಂಗಾಳದಿಂದ ಬಂದವರು. ಹೊಳೆಯನ್ನು ಉಳಿಸಲೆಂದು ಕಟ್ಟಿದ ಘಟಕವೇ ಜೀವ ತೆಗೆಯಿತು. ಘಟಕ ಇದೆಯೇ ಎಂದು ಕೇಳುವ ವ್ಯವಸ್ಥೆ, ಘಟಕದ ಗಸಿ ಎಲ್ಲಿದೆ ಎಂದು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕ್ರೂರ ಉದಾಹರಣೆ ಬೇಡ.

ಪರಿಹಾರದ ಕಡತ

ಸುಪ್ರೀಂ ಕೋರ್ಟಿನ ಆದೇಶದಂತೆ 1996ರ ಸೆಪ್ಟೆಂಬರ್ ಕೊನೆಯಲ್ಲಿ ಪ್ರಾಧಿಕಾರ ರಚನೆಯಾಯಿತು. ನಿವೃತ್ತ ನ್ಯಾಯಮೂರ್ತಿಯೊಬ್ಬರ ನೇತೃತ್ವದಲ್ಲಿ ಅದು ಹಳ್ಳಿಹಳ್ಳಿಯ ನಷ್ಟದ ಲೆಕ್ಕ ತೆಗೆಯಿತು. 2001ರ ಮಾರ್ಚ್ 7ರಂದು ಬಂದ ಅದರ ತೀರ್ಮಾನದಂತೆ ವೆಲ್ಲೂರು ಜಿಲ್ಲೆಯಲ್ಲಿ ನಷ್ಟಕ್ಕೊಳಗಾದ ಕುಟುಂಬಗಳು 29,193. 1991ರ ಆಗಸ್ಟ್‌ನಿಂದ 1998ರ ಡಿಸೆಂಬರ್‌ವರೆಗಿನ ಅವಧಿಗೆ ಅವರಿಗೆ ಸಲ್ಲಬೇಕಾದ ಪರಿಹಾರ ಸುಮಾರು 26 ಕೋಟಿ 82 ಲಕ್ಷ ರೂಪಾಯಿ.

ಮೊತ್ತ ದೊಡ್ಡದಾಗಿ ಕಾಣುತ್ತದೆ. ಭಾಗಿಸಿ ನೋಡೋಣ. ಒಂದು ಕುಟುಂಬಕ್ಕೆ ಸರಾಸರಿ ಒಂಬತ್ತು ಸಾವಿರ ಚಿಲ್ಲರೆ. ಏಳು ವರ್ಷ ನಾಲ್ಕು ತಿಂಗಳಿಗೆ ಹಂಚಿದರೆ ತಿಂಗಳಿಗೆ ನೂರು ರೂಪಾಯಿಗಿಂತ ಸ್ವಲ್ಪ ಹೆಚ್ಚು. ತೆಂಗು, ಬಾಳೆ, ಭತ್ತ ಬೆಳೆಯುತ್ತಿದ್ದ ಭೂಮಿ ಬರಡಾದದ್ದಕ್ಕೆ ತಿಂಗಳಿಗೆ ನೂರು ರೂಪಾಯಿ.

ಆ ನೂರು ರೂಪಾಯಿಯೂ ಸರಾಗವಾಗಿ ಕೈಸೇರಲಿಲ್ಲ. ಆಕ್ಷೇಪಣೆ, ತಕರಾರು, ಮದ್ರಾಸ್ ಹೈಕೋರ್ಟಿನ ವಿಚಾರಣೆ, 2010ರಲ್ಲಿ ಅದರ ತೀರ್ಪು, ಅದರ ಮೇಲೆ ಮತ್ತೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ. ಇದರ ನಡುವೆ 2019ರಲ್ಲಿ ವೆಲ್ಲೂರು ಜಿಲ್ಲೆಯೇ ಮೂರು ಹೋಳಾಯಿತು. ರಾಣಿಪೇಟೆ ಒಂದು ಜಿಲ್ಲೆ, ವಾಣಿಯಂಬಾಡಿ, ಆಂಬೂರು ತಿರುಪತ್ತೂರು ಜಿಲ್ಲೆಗೆ, ಉಳಿದದ್ದು ವೆಲ್ಲೂರು. ಹೊಳೆ ಒಂದೇ, ಕಲೆಕ್ಟರುಗಳು ಮೂವರು.

ಪರಿಹಾರದ ಕೆಲಸದಲ್ಲಿ ಕಂದಾಯ ಅಧಿಕಾರಿ ಆಶ್ರಯಿಸುವುದು ತನಗೆ ಗೊತ್ತಿರುವ ದಾಖಲೆಯನ್ನು. ಯಾರ ಹೆಸರಿನಲ್ಲಿ ಪಟ್ಟಾ ಇದೆ, ಎಷ್ಟು ಎಕರೆ, ಯಾವ ಬೆಳೆ ಎಂಬುದು ಅದರಲ್ಲಿರುತ್ತದೆ. ಆ ಹೊಲದಲ್ಲಿ ಕೂಲಿ ಮಾಡಿ ಬದುಕುತ್ತಿದ್ದವರಿಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇರುವುದಿಲ್ಲ. ಭೂಮಿ ಸತ್ತಾಗ ಕೂಲಿಯೂ ಸತ್ತಿತು. ಭೂಮಿಗೆ ದಾಖಲೆಯಿತ್ತು, ಕೂಲಿಗೆ ಇರಲಿಲ್ಲ. ಯಾವ ಅಧಿಕಾರಿಯೂ ಬೇಕೆಂದೇ ಮಾಡಿದ ಅನ್ಯಾಯ ಇದಲ್ಲ. ಆದರೆ ರಿಜಿಸ್ಟರಿನಲ್ಲಿ ಇಲ್ಲದ್ದು ಜಗತ್ತಿನಲ್ಲೂ ಇಲ್ಲ ಎಂದು ನಡೆಯುವ ಆಡಳಿತದಲ್ಲಿ ಅನ್ಯಾಯ ಮಾಡಲು ಕೆಟ್ಟ ಮನಸ್ಸೇ ಬೇಕಿಲ್ಲ.

2025ರ ಜನವರಿ 30ರಂದು ಸುಪ್ರೀಂ ಕೋರ್ಟ್ ಮತ್ತೊಮ್ಮೆ ಮಾತನಾಡಿತು. ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ, ಇನ್ನೂ ಪರಿಹಾರ ಸಿಗದವರಿಗೆ ಆರು ವಾರಗಳಲ್ಲಿ ಸರ್ಕಾರವೇ ಹಣ ಕೊಡಬೇಕು, ಆಮೇಲೆ ಅದನ್ನು ಮಾಲಿನ್ಯ ಮಾಡಿದವರಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ಹೊಳೆಯ ಪುನಶ್ಚೇತನವನ್ನು ನೋಡಿಕೊಳ್ಳಲು ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಲು ಹೇಳಿತು. ಪ್ರಕರಣವನ್ನು ಮುಗಿಸದೆ ತನ್ನ ಕಣ್ಗಾವಲಿನಲ್ಲೇ ಇಟ್ಟುಕೊಂಡಿತು. 1991ರಲ್ಲಿ ಅರ್ಜಿ, 2025ರಲ್ಲಿ ಈ ಆದೇಶ. ನಡುವೆ 34 ವರ್ಷ. ಅರ್ಜಿ ಹಾಕಿದಾಗ ಹುಟ್ಟಿದ ಮಗು ಈಗ ತನ್ನ ಮಕ್ಕಳನ್ನು ಶಾಲೆಗೆ ಕಳಿಸುತ್ತಿರುತ್ತದೆ.

ಯಾರ ತಪ್ಪು?

ಕಥೆ ಬರೆಯುವ ನಮ್ಮಂಥವರಿಗೆ ಕೆಟ್ಟ ಅಧಿಕಾರಿಯ ಪಾತ್ರ ಸುಲಭವಾಗಿ ಒದಗುತ್ತದೆ. ಜೇಬು ತುಂಬಿಸಿಕೊಳ್ಳುವ ಇನ್‌ಸ್ಪೆಕ್ಟರ್, ಮಾಲೀಕನ ಮನೆಯ ದಾವತ್ತಿನಲ್ಲಿ ಉಂಡು ಬಂದು ವರದಿ ಬರೆಯುವ ಎಂಜಿನಿಯರ್. ಅಂಥವರು ಎಲ್ಲ ಇಲಾಖೆಗಳಲ್ಲೂ ಇರುತ್ತಾರೆ. ಆದರೆ ಪಾಲಾರಿನ ಇತಿಹಾಸವನ್ನು ಲಂಚದ ಕಥೆಯಾಗಿ ಮಾತ್ರ ಓದಿದರೆ ನಾವು ಮೋಸ ಹೋಗುತ್ತೇವೆ. ಪ್ರಾಮಾಣಿಕ ಅಧಿಕಾರಿಯೂ ಅಲ್ಲಿ ಬಹುಮಟ್ಟಿಗೆ ಇದನ್ನೇ ಮಾಡುತ್ತಿದ್ದ. ಅವನ ಮುಂದಿನ ಲೆಕ್ಕ ಹೀಗಿತ್ತು: ಟ್ಯಾನರಿ ಮುಚ್ಚಿಸಿದರೆ ನಾಳೆ ಬೆಳಿಗ್ಗೆ ಸಾವಿರಾರು ಕಾರ್ಮಿಕರು ಕಚೇರಿಯ ಮುಂದೆ ಕೂರುತ್ತಾರೆ, ಶಾಸಕರ ಫೋನು ಬರುತ್ತದೆ, ರಫ್ತು ಕುಸಿಯಿತೆಂದು ರಾಜಧಾನಿಯಿಂದ ಪತ್ರ ಬರುತ್ತದೆ. ಮುಚ್ಚಿಸದಿದ್ದರೆ ದೂರದ ಹಳ್ಳಿಯೊಂದರ ಬಾವಿ ನಿಧಾನವಾಗಿ ಉಪ್ಪಾಗುತ್ತದೆ. ಮೊದಲನೆಯದರ ಸದ್ದು ಇಂದೇ ಕೇಳುತ್ತದೆ. ಎರಡನೆಯದು ಸದ್ದು ಮಾಡುವುದಿಲ್ಲ. ಸದ್ದು ಮಾಡದವರ ಪರವಾಗಿ ನಿಲ್ಲುವುದಕ್ಕೆಂದೇ ಕಾನೂನು ಇರುವುದು. ಆದರೆ ಕಾನೂನನ್ನು ಹಿಡಿದ ಕೈಗೆ ಸದ್ದೇ ಮೊದಲು ಕೇಳಿಸಿತು.

ನಮ್ಮ ಪಾಲಿನ ಮಾತನ್ನೂ ಆಡಲೇಬೇಕು. ಹಲವು ಟ್ಯಾನರಿಗಳ ಮಾಲೀಕರು ನಮ್ಮವರು. ಹೊರಗಿನವರು ಟೀಕಿಸಿದಾಗ ಇದು ಸಮುದಾಯದ ಕಸುಬಿನ ಮೇಲಿನ ದಾಳಿ ಎಂದು ತಿರುಗಿಬೀಳುವ ಅಭ್ಯಾಸ ನಮ್ಮಲ್ಲಿದೆ. ಕೆಲವು ಸಲ ಆ ಅನುಮಾನಕ್ಕೆ ಕಾರಣವೂ ಇರಬಹುದು. ಚರ್ಮದ ವ್ಯಾಪಾರವನ್ನು ದ್ವೇಷಿಸುವವರೆಲ್ಲ ಹೊಳೆಯ ಪ್ರೀತಿಯಿಂದ ದ್ವೇಷಿಸುವುದಿಲ್ಲ. ಆದರೆ ಉಪ್ಪಾದ ಬಾವಿಗೆ ಧರ್ಮವಿಲ್ಲ. ವಾಣಿಯಂಬಾಡಿಯ ಮುಸ್ಲಿಂ ಮೊಹಲ್ಲಾಗಳ ಹೆಂಗಸರೂ ಕುಡಿಯುವ ನೀರಿಗೆ ಕೊಡ ಹಿಡಿದು ಕಾದವರೇ. ಆಂಬೂರಿನ ಪಾದರಕ್ಷೆ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಅನ್ನವೂ ಇದೇ ಉದ್ಯಮದಲ್ಲಿದೆ, ಅವರ ನೀರೂ ಇದೇ ಹೊಳೆಯಲ್ಲಿದೆ. ಇಂದು ಈ ಊರುಗಳಿಗೆ ಕುಡಿಯಲು ಕಾವೇರಿಯ ನೀರನ್ನು ದೂರದಿಂದ ಕೊಳವೆಯಲ್ಲಿ ತರಬೇಕಾಗಿದೆ. ಪಕ್ಕದಲ್ಲೇ ಹಾಲಿನ ಹೊಳೆ ಇದ್ದೂ ಕೊಡಗಿನಲ್ಲಿ ಹುಟ್ಟಿದ ನೀರಿಗೆ ಕಾಯಬೇಕಾದ ಸ್ಥಿತಿ.

ಈ ಕಥೆ ತಮಿಳುನಾಡಿನದೆಂದು ನಾವು ನಿಶ್ಚಿಂತರಾಗುವಂತಿಲ್ಲ. 2018ರಿಂದ ಬೆಂಗಳೂರಿನ ಚರಂಡಿ ನೀರು ಎರಡು ಹಂತಗಳಲ್ಲಿ ಶುದ್ಧೀಕರಣಗೊಂಡು ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಬರದ ನಾಡಿಗೆ ನೀರು ಬಂತೆಂದು ಸಂತೋಷಪಟ್ಟವರಿದ್ದಾರೆ. ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಬಿಡಬೇಡಿ ಎಂದು ಹೋರಾಡಿದವರೂ ಇದ್ದಾರೆ. ಈ ವಾದದಲ್ಲಿ ಯಾರು ಗೆಲ್ಲುತ್ತಾರೆ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಪಾಲಾರ್ ದಂಡೆಯ ಅನುಭವ ನಮ್ಮ ಕೈಗೆ ಕೊಟ್ಟಿದೆ. ಎಷ್ಟು ಕೆರೆ ತುಂಬಿತು ಎಂಬ ಲೆಕ್ಕವನ್ನು ಅಧಿಕಾರಿಗಳು ಕೊಡುತ್ತಾರೆ, ಅದು ಎಣಿಸಲು ಬರುವ ಲೆಕ್ಕ. ಆ ಕೆರೆಗಳ ಅಚ್ಚುಕಟ್ಟಿನಲ್ಲಿರುವ ಬಾವಿಗಳ ನೀರಿನ ಲೆಕ್ಕವನ್ನು ಯಾರು, ಎಷ್ಟು ದಿನಕ್ಕೊಮ್ಮೆ ಬರೆಯುತ್ತಿದ್ದಾರೆ? ಬರೆದದ್ದನ್ನು ಆ ಊರಿನ ಪಂಚಾಯತಿಯ ಗೋಡೆಯ ಮೇಲೆ ಹಚ್ಚುತ್ತಿದ್ದಾರೆಯೇ?

ಇದನ್ನು ಕೇಳಲು ಸುಪ್ರೀಂ ಕೋರ್ಟಿಗೆ ಹೋಗಬೇಕಾಗಿಲ್ಲ. ಗ್ರಾಮಸಭೆಯಲ್ಲಿ ಕೇಳಬಹುದು, ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಬಹುದು. ವೆಲ್ಲೂರಿನ ನಾಗರಿಕರು ಕೇಳುವ ಹೊತ್ತಿಗೆ ಸಾವಿರಾರು ಹೆಕ್ಟೇರ್ ಭೂಮಿ ಕೈಬಿಟ್ಟು ಹೋಗಿತ್ತು. ಅದೇ ಹೊಳೆಯ ತಲೆಕಡೆಯಲ್ಲಿ ಕುಳಿತ ನಮಗೆ ಇನ್ನೂ ಸಮಯವಿದೆ.